ಹೆದರದ ಮರಿ

ಡಾಕ್ಟರು ಬೀದಿಗೆ ಕಾಲಿಟ್ಟರೆ ಸಾಕು, ನಾಯಿಗಳೆಲ್ಲ ಕಾಲಿಗೆ ಬುದ್ಧಿ ಹೇಳುತ್ತಿದ್ದವು. ಕಳ್ಳರು ಬಂದರೂ ಕತ್ತೆತ್ತಿ ನೋಡದ ಸೋಮಾರಿಗಳು ಕೂಡ ಇವರನ್ನು ಕಂಡೊಡನೆ ಚರಂಡಿ ಹಾರಿ ಮಾಯ. ಮತ್ತಿನ್ನೇನು? ಸರ್ಕಾರಿ ಪಶುವೈದ್ಯರಾಗಿ ಸೇರಿದಾಗಿನಿಂದ ನಿವೃತ್ತಿಯಾಗುವವರೆಗೆ ಪ್ರತಿ ವರ್ಷ ಬಲೆ ಹಾಕಿಸಿ ಅವಕ್ಕೆ ರೇಬೀಸ್ ಲಸಿಕೆ ಚುಚ್ಚಿದ್ದು ಇವರೇ. ಊರಲ್ಲಿ ಒಬ್ಬರೂ ಹುಚ್ಚುನಾಯಿ ಕಚ್ಚಿ ಸಾಯಲಿಲ್ಲ. ಅದಕ್ಕೆ ಒಬ್ಬನಾದರೂ ಶಭಾಷ್ ಅಂದನೇ? ಆಗದೇ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಬಿಡಿ.

ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಉಳಿದವಳು ತಂಗಿ. ಅವಳೂ ಪಾಪ, ಅಣ್ಣ ಬರುವ ಮುಂಚೆ ಫೋನ್ ಮಾಡಲಿ, ನಾಯಿಯನ್ನು ಕೋಣೆಯಲ್ಲಿ ಕೂಡಿಹಾಕುತ್ತೇನೆ ಎನ್ನುತ್ತಿದ್ದಳು. ಡಾಕ್ಟರು ಕಾಫಿ ಕುಡಿದು ಮುಗಿಸುವ ತನಕ ಅದು ಒಳಗೆ ಗೋಳಾಡುತ್ತಿತ್ತು. ಬರುಬರುತ್ತಾ ಅವರು ಹೋಗುವುದನ್ನೇ ಬಿಟ್ಟರು.

ನಿವೃತ್ತಿಯಾಗಿ ಒಂದೆರಡು ವರ್ಷ ಕಳೆದಿರಬೇಕು. ಒಂದು ಸಂಜೆ ಬೇಕರಿ ಮುಂದಿನ ಬೆಂಚಿನಲ್ಲಿ ಕೂತಿದ್ದಾಗ ಕಂದು ಬಣ್ಣದ ಮರಿಯೊಂದು ಬಂದು ಅವರ ಶೂ ಲೇಸು ಎಳೆಯತೊಡಗಿತು. ಡಾಕ್ಟರಿಗೆ ನಂಬಲಾಗಲಿಲ್ಲ. ಮೆಲ್ಲಗೆ ಕೈ ಚಾಚಿದರು. ಮರಿ ಆ ಕೈಯನ್ನೇ ನೆಕ್ಕಿತು. ಮುದುಕನ ಕಣ್ಣು ತುಂಬಿ ಬಂತು.

ಅಂದಿನಿಂದ ಜೇಬಲ್ಲಿ ಬಿಸ್ಕತ್ತು, ತೊಡೆಯ ಮೇಲೆ ಮರಿ. ಪುಂಡ ಎಂದು ಕರೆದರು. ದಿನವಿಡೀ ಯಾರ ಹತ್ತಿರವೂ ಆಡದ ಮಾತನ್ನೆಲ್ಲ ಅದರ ಕಿವಿಗೆ ಸುರಿದರು. ಮೈಕೈ ತುಂಬಿ ಅದು ದೊಡ್ಡದಾಗುತ್ತಿತ್ತು. ಒಂದು ಸಂಜೆ ಅದರ ಬೆನ್ನು ಸವರುತ್ತಿದ್ದವರು ಗಕ್ಕನೆ ನಿಲ್ಲಿಸಿದರು. ಇಷ್ಟು ದೊಡ್ಡದಾದರೂ ಇದು ತನಗೆ ಹೆದರುತ್ತಿಲ್ಲವೇಕೆ? ಆಚೆ ಮಲಗಿದ್ದ ಎಳೆಯ ನಾಯಿಗಳೂ ಹೆದರುತ್ತಿಲ್ಲವಲ್ಲ! ತಾನು ಬಿಟ್ಟ ಮೇಲೆ ಇವಕ್ಕೆ ಯಾರಾದರೂ ಸೂಜಿ ಚುಚ್ಚಿದ್ದಾರೆಯೇ?

ಮರುದಿನ ಪಶು ಆಸ್ಪತ್ರೆಗೆ ಹೋದರು. ಹಳೆಯ ಕಾಂಪೌಂಡರ್ ಎದ್ದು ನಿಂತ.

"ನಿಮ್ಮ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ ಸಾರ್. ಲಸಿಕೆ ಬಂದು ಫ್ರಿಜ್ಜಲ್ಲೇ ಕೂತಿದೆ. ಚುಚ್ಚೋರು ಯಾರು?"

ಡಾಕ್ಟರು ಫ್ರಿಜ್ಜಿನ ಬಾಗಿಲು ತೆರೆದು ನೋಡಿದರು. ಪುಂಡನೊಬ್ಬನನ್ನು ಚುಚ್ಚದೆ ಬಿಟ್ಟುಬಿಟ್ಟರೆ ಯಾರು ಕೇಳುತ್ತಾರೆ ಎಂದು ಮನಸ್ಸು ಗೋಗರೆಯಿತು. ಆದರೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ರೋಗ ತಗುಲಿದ ನಾಯಿಯೊಂದನ್ನು ಕಂಡಿದ್ದರು. ಬಾಯಾರಿ ನೀರಿನ ಮುಂದೆಯೇ ನಿಂತು, ಗುಟುಕು ಇಳಿಯದೆ ಒದ್ದಾಡಿ ಸತ್ತಿತ್ತು. ಪುಂಡನನ್ನು ಹಾಗೆ ನೋಡುವ ಶಕ್ತಿ ತನಗಿಲ್ಲ ಅನ್ನಿಸಿತು.

"ಬಲೆ ಹಿಡಿಯೋರನ್ನ ಕರೆಸು," ಅಂದರು. "ಮೇಲಿನೋರ ಹತ್ರ ನಾನು ಮಾತಾಡ್ತೀನಿ. ಚುಚ್ಚೋದೂ ನಾನೇ."

ಪುಂಡನಿಗೆ ಬಲೆ ಬೇಕಾಗಲಿಲ್ಲ. ತಾನೇ ಬಂದು ತೊಡೆಯೇರಿ ಬಿಸ್ಕತ್ತಿಗಾಗಿ ಜೇಬು ಮೂಸಿತು. ಸೂಜಿ ಇಳಿದಾಗ ಕುಂಯ್ ಎಂದು ಚಿಮ್ಮಿ ಕೆಳಗೆ ಬಿತ್ತು. ಒಮ್ಮೆ ಅವರ ಮುಖ ನೋಡಿ ಓಡಿತು.

"ಓಡು, ಮಗನೇ. ಬದುಕಿಕೋ," ಅಂದರು ಡಾಕ್ಟರು.

ಮರುದಿನ ಸಂಜೆ ಅದು ತಳ್ಳುಗಾಡಿಯ ಕೆಳಗೆ ಬಾಲ ಮುದುರಿಕೊಂಡು ಕೂತಿತ್ತು. ಪುಂಡಾ ಎಂದರೆ ಇನ್ನಷ್ಟು ಹಿಂದಕ್ಕೆ ಸರಿಯಿತು. ಡಾಕ್ಟರು ಬಿಸ್ಕತ್ತನ್ನು ಬೆಂಚಿನ ಕೆಳಗಿಟ್ಟು ಎದ್ದರು. ತಾನು ಅಲ್ಲೇ ಇದ್ದರೆ ಅದು ತಿನ್ನಲು ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.