ಚನ್ನಬಸಮ್ಮನ ಒಳ್ಳೆ ಫೋಟೋ

ಮಾಗಡಿಯ ಒಂದು ಫೋಟೋ ಸ್ಟುಡಿಯೋದ ಬೆಂಚಿನ ತುದಿಯಲ್ಲಿ ಕೂತು ಉದಯಶಂಕರ್ ಲ್ಯಾಪ್‌ಟಾಪಿನಲ್ಲಿ ಚನ್ನಬಸಮ್ಮನ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಿದ್ದ. ಆರು ವರ್ಷದವು, ಸಾವಿರದ ಮೇಲಿದ್ದವು. ಒಲೆ ಊದುವ ಚನ್ನಬಸಮ್ಮ, ಹೊಗೆಗೆ ಕಣ್ಣುಜ್ಜಿಕೊಳ್ಳುವ ಚನ್ನಬಸಮ್ಮ, ಹರಕು ಸೀರೆಯಲ್ಲಿ ಕಿಟಕಿಯಾಚೆ ನೋಡುವ ಚನ್ನಬಸಮ್ಮ. ಹಾರ ಹಾಕಿ ನಾಲ್ಕು ಜನರ ಮುಂದೆ ಇಡುವಂಥದ್ದು ಒಂದೂ ಇರಲಿಲ್ಲ.

ಬೆಳಗ್ಗೆ ಆರಕ್ಕೆ ಅವಳ ಮಗ ಬಸವಕುಮಾರ್ ಗುಡೇಮಾರನಹಳ್ಳಿಯಿಂದ ಫೋನ್ ಮಾಡಿದ್ದ. ಅವ್ವ ಹೋಗಿಬಿಟ್ಟಳು, ಮೂರು ಗಂಟೆಗೆ ಮಣ್ಣು ಎಂದು ತಿಳಿಸಿ, ಆಮೇಲೆ ಸಂಕೋಚದಿಂದ ಒಂದು ಉಪಕಾರ ಕೇಳಿದ್ದ. "ಒಳ್ಳೆ ಸೀರೇಲಿ ತಗ್ದಿದ್ದೀರಲ್ಲ ಸಾ, ಅದ್ನ ಒಸಿ ದೊಡ್ಡದು ಮಾಡಿಸ್ಕಂಡು ಬನ್ನಿ. ನಮ್ ಮೊಬೈಲಲ್ಲಿರವೆಲ್ಲ ಗುಂಪಲ್ಲಿ ತಗ್ದವು."

ತರುತ್ತೇನೆ ಎಂದುಬಿಟ್ಟಿದ್ದ ಉದಯಶಂಕರ್. ಅಂಥ ಫೋಟೋ ಇಲ್ಲ ಎಂಬುದು ಹಾಗೆನ್ನುವಾಗಲೇ ಅವನಿಗೆ ಗೊತ್ತಿತ್ತು.

ಉಳಿದದ್ದು ಒಂದೇ ಆಸೆ. ಎರಡು ವರ್ಷದ ಹಿಂದೆ ಅವನ ಬಳಿ ಕಲಿಯಲು ಬಂದಿದ್ದ ಸುಚಿತ್ರಾಳಿಗೆ ಫೋನ್ ಮಾಡಿ, ಚನ್ನಬಸಮ್ಮ ಬಾಗಿಲಲ್ಲಿ ನಿಂತಿದ್ದ ಆ ಫೋಟೋ ಇದೆಯೇ ಎಂದು ಕೇಳಿದ.

"ಅವತ್ತೇ ಅಳಿಸಿಬಿಟ್ಟೆ ಸರ್," ಎಂದಳು ಅವಳು. "ನೀವೇ ತಾನೇ ಅಳಿಸಿ ಅಂದಿದ್ದು."

*

ತಿಂಗಳಿಗೊಂದು ಶನಿವಾರ ಉದಯಶಂಕರ್ ಬೆಂಗಳೂರಿನಿಂದ ಆರೇಳು ಮಂದಿಯನ್ನು ವ್ಯಾನಿನಲ್ಲಿ ಕರೆತಂದು ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದ. ಮೂವತ್ತು ವರ್ಷದ ಹೆಸರು, ಗೋಡೆ ತುಂಬ ಪ್ರಶಸ್ತಿ. ಅವನ ಜೊತೆ ಬರಲು ಜನ ತಿಂಗಳುಗಟ್ಟಲೆ ಕಾಯುತ್ತಿದ್ದರು. ಸೂರ್ಯ ಹುಟ್ಟುವಾಗ ರಾಮನಗರದ ಬಂಡೆಗಳು, ಆಮೇಲೆ ಚನ್ನಪಟ್ಟಣದ ಗೊಂಬೆ ಮಾಡುವವರು, ಮಧ್ಯಾಹ್ನ ಚನ್ನಬಸಮ್ಮನ ಮನೆ.

ಅವರು ಬರುತ್ತಾರೆಂದು ಚನ್ನಬಸಮ್ಮ ತಲೆ ಬಾಚಿ, ವಿಭೂತಿ ಹಚ್ಚಿ, ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲೇ ನಿಂತಿರುತ್ತಿದ್ದಳು. ಉದಯಶಂಕರ್ ಬಂದವನೇ ಹಳೆಯದನ್ನು ಉಟ್ಟು ಬಾ ಎನ್ನುತ್ತಿದ್ದ. ಮನೆಯೊಳಗೆ ಗ್ಯಾಸ್ ಇದ್ದರೂ ಹಿತ್ತಿಲಿನ ನೀರೊಲೆಗೆ ಹಸಿ ತೆಂಗಿನಮಟ್ಟೆ ತುರುಕಿ ಹೊಗೆ ಎಬ್ಬಿಸುತ್ತಿದ್ದ. ನಗಿಸಬೇಡಿ, ನಕ್ಕರೆ ಚಿತ್ರ ಕೆಟ್ಟಿತು ಎಂದು ಶಿಷ್ಯರಿಗೆ ಪಾಠ ಬೇರೆ.

ಎಲ್ಲ ಮುಗಿದ ಮೇಲೆ ಅವಳು ಕೆಮ್ಮುತ್ತ ಎದ್ದು ಬರುತ್ತಿದ್ದಳು. "ಆಯ್ತೇನಪ್ಪಾ? ಈಗ ಆ ಸೀರೆ ಉಟ್ಕಂಡು ಬತ್ತೀನಿ, ನಂದೊಂದು ತಗ್ದುಬುಡು. ನಾ ಸತ್ತಾಗ ಮಡಗಕೆ ಬೇಕು."

ಬೆಳಕು ಹೋಯಿತು, ಮುಂದಿನ ಸಲ ಎನ್ನುತ್ತಿದ್ದ. ಬೆಳಕೇನೂ ಹೋಗಿರುತ್ತಿರಲಿಲ್ಲ. ವ್ಯಾನಿನವರಿಗೆ ಊಟಕ್ಕೆ ಹೊತ್ತಾಗಿರುತ್ತಿತ್ತು, ಅಷ್ಟೆ.

ಒಮ್ಮೆ ಸುಚಿತ್ರಾ, ಸೀರೆ ಬದಲಾಯಿಸುವ ಮೊದಲೇ ಒಂದು ತೆಗೆದುಬಿಟ್ಟಿದ್ದಳು. ಸಂಜೆ ಹೋಟೆಲಿನ ಗೋಡೆಯ ಮೇಲೆ ಎಲ್ಲರ ಚಿತ್ರ ತೋರಿಸುವಾಗ, ಇದು ಆಧಾರ್ ಕಾರ್ಡಿಗೆ ಆಗುತ್ತೆ, ಅಳಿಸಿ ಎಂದಿದ್ದ ಉದಯಶಂಕರ್. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕು ಅಲ್ಲೇ ಅಳಿಸಿದ್ದಳು.

*

"ಮುಖ ಚೆನ್ನಾಗೈತಲ್ಲ ಸಾ," ಎಂದ ಸ್ಟುಡಿಯೋದ ಮುಜೀಬ್, ಲ್ಯಾಪ್‌ಟಾಪಿಗೆ ಬಗ್ಗಿ. "ಸೀರೆ ನಾನು ಹಾಕ್ಕೊಡ್ತೀನಿ ಬುಡಿ."

ಕೋಟು ಕಾಣದವರಿಗೆ ಕೋಟು, ಓಲೆ ಇಲ್ಲದವರಿಗೆ ಓಲೆ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ತೊಡಿಸಿಕೊಡುವುದು ಅವನಿಗೆ ದಿನದ ಕೆಲಸ. ಯಾವ ಬಣ್ಣದ ಸೀರೆ ಎಂದು ಕೇಳಿದ.

ಉದಯಶಂಕರನಿಗೆ ನೆನಪಾಗಲಿಲ್ಲ. ವರ್ಷಕ್ಕೆ ಹತ್ತು ಸಲ ನೋಡಿದ ಸೀರೆ. ಊರಿಗೆಲ್ಲ ನೋಡುವುದನ್ನು ಕಲಿಸುವ ಮನುಷ್ಯನಿಗೆ ಅದರ ಅಂಚು ಕೂಡ ನೆನಪಿರಲಿಲ್ಲ. ಫೋನ್ ಕೈಯಲ್ಲೇ ಇತ್ತು; ಸುಚಿತ್ರಾಳನ್ನೋ ಬಸವಕುಮಾರನನ್ನೋ ಕೇಳಬಹುದಿತ್ತು. ಕೇಳಿದರೆ ಎಲ್ಲವನ್ನೂ ಬಾಯಿಬಿಟ್ಟಂತಾಗುತ್ತಿತ್ತು.

"ಹಸಿರು," ಎಂದ.

*

ಗುಡೇಮಾರನಹಳ್ಳಿ ತಲುಪಿದಾಗ ಎರಡೂವರೆ. ಚನ್ನಬಸಮ್ಮನನ್ನು ಜಗುಲಿಯ ಮೇಲೆ ಗೋಡೆಗೊರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಉಡಿಸಿದ್ದದ್ದು ಬದನೆಕಾಯಿ ಬಣ್ಣದ ರೇಷ್ಮೆ ಸೀರೆ.

ಉದಯಶಂಕರ್ ಅಂಗಳದಲ್ಲೇ ನಿಂತುಬಿಟ್ಟ. ತಿರುಗಿ ಕಾರು ಹತ್ತಿ ಹೋಗಿಬಿಡೋಣ ಎನ್ನುವಷ್ಟು ನಾಚಿಕೆಯಾಯಿತು. ಅಷ್ಟರಲ್ಲಿ ಬಸವಕುಮಾರ್ ಬಂದು ಫೋಟೋ ಇಸಕೊಂಡ.

ಪಕ್ಕದಲ್ಲಿ ಕೂತ ಹೆಂಗಸರು ಆ ಸೀರೆಯ ಮಾತನ್ನೇ ಆಡುತ್ತಿದ್ದರು. ಚನ್ನಬಸಮ್ಮ ಹತ್ತು ವರ್ಷ ಊರಿನ ಹೆಂಗಸರ ಡೈರಿಗೆ ಅಧ್ಯಕ್ಷಳಾಗಿದ್ದಳಂತೆ. ನೀರು ಬೆರೆಸಿದ ಹಾಲು ಸ್ವಂತ ತಂಗಿಯದಾದರೂ ವಾಪಸು ಕಳಿಸುತ್ತಿದ್ದಳಂತೆ. ಅವಳು ಆ ಕೆಲಸ ಬಿಟ್ಟ ದಿನ ಇವರೆಲ್ಲ ರಾಮನಗರಕ್ಕೆ ಹೋಗಿ, ಅರ್ಧ ದಿನ ಹುಡುಕಿ ಆರಿಸಿ ತಂದ ಸೀರೆಯಂತೆ ಅದು. ಉದಯಶಂಕರನಿಗೆ ಇದರಲ್ಲಿ ಒಂದೂ ತಿಳಿದಿರಲಿಲ್ಲ. ಪ್ರಶಸ್ತಿ ಬಂದ ಅವಳ ಹೊಗೆಯ ಚಿತ್ರಕ್ಕೆ ಅವನಿಟ್ಟಿದ್ದ ಹೆಸರು 'ಯಾರೂ ಇಲ್ಲದವಳು'.

ಬಸವಕುಮಾರ್ ಸುತ್ತಿದ್ದ ಕಾಗದ ಬಿಚ್ಚಿದ. ಅವನ ಮಗಳು ರಕ್ಷಿತಾ ಬಗ್ಗಿ ನೋಡಿದಳು.

"ಅಜ್ಜಿತಾವ ಹಸಿರು ಸೀರೆನೇ ಇರ್ಲಿಲ್ವಲ್ಲ. ಯಾವಾಗ ಉಟ್ಟಿದ್ರು ಸಾರ್ ಇದನ್ನ?"

ಹೆಂಗಸರೂ ಫೋಟೋದತ್ತ ತಿರುಗಿದರು.

"ಉಟ್ಟಿರಲಿಲ್ಲಮ್ಮ," ಎಂದ ಉದಯಶಂಕರ್. "ಕಂಪ್ಯೂಟರಲ್ಲಿ ಹಾಕಿಸಿದ್ದು. ಅವರ ಸೀರೇಲಿ ನಾನು ಒಂದೂ ತೆಗೀಲಿಲ್ಲ."

ಬಸವಕುಮಾರ್ ಫೋಟೋವನ್ನೇ ನೋಡುತ್ತ ನಿಂತ. ಸೀರೆ ಬದಲಾಗಿದ್ದರೂ ಹೊಗೆಗೆ ಕೆಂಪೇರಿದ ಕಣ್ಣುಗಳು ಹಾಗೇ ಇದ್ದವು.

"ಸ್ಟುಡಿಯೋಗೆ ಹೋಗಿ ಬರಣ ಬಾರವ್ವ ಅಂದಾಗೆಲ್ಲ, ಸಾರು ತಗ್ದವ್ರೆ ಕಣ್ಲಾ, ತಂದ್ಕೊಡ್ತಾರೆ ಅಂತಿದ್ಲು," ಎಂದ.

ನಾಲ್ಕು ಮಾತು ಬೈದಿದ್ದರೆ ಉದಯಶಂಕರನಿಗೆ ಹಗುರಾಗುತ್ತಿತ್ತು. ಬಸವಕುಮಾರ್ ಬೈಯಲಿಲ್ಲ. ಫೋಟೋಗೆ ಒಂದು ಹಾರ ಹಾಕಿ, ಅದು ಸಾಲದೆ ಇನ್ನೊಂದನ್ನು ತರಲು ಮಗಳಿಗೆ ಹೇಳಿದ. ಚೆಂಡುಹೂವಿನ ಆ ದಪ್ಪ ಹಾರವನ್ನು ಮೊದಲಿನದರ ಮೇಲೆ ಹಾಕಿ, ಗಲ್ಲದವರೆಗೂ ಏರಿಸಿ, ಮುಖ ಮಾತ್ರ ಕಾಣುವಂತೆ ಸರಿಮಾಡಿದ.

ಅಯ್ನೋರು ಬಂದರು. ಪೂಜೆ ಮುಗಿಸಿ, ಚನ್ನಬಸಮ್ಮನನ್ನು ಹೂವಿನ ವಿಮಾನದಲ್ಲಿ ಕೂರಿಸಿ ನಾಲ್ವರು ಎತ್ತಿದರು. ಫೋಟೋ ಹಿಡಿದು ಮುಂದೆ ನಡೆಯಲು ಒಬ್ಬರು ಬೇಕಾಗಿತ್ತು.

"ತಗ್ದೋರು ನೀವಲ್ವ ಸಾ, ನೀವೇ ಹಿಡ್ಕಳಿ," ಎಂದು ಬಸವಕುಮಾರ್ ಅದನ್ನು ಅವನ ಕೈಗೆ ಕೊಟ್ಟ.

ಉದಯಶಂಕರ್ ಫೋಟೋವನ್ನು ಎದೆಗೆ ಹಿಡಿದು ಎಲ್ಲರಿಗಿಂತ ಮುಂದೆ ನಡೆದ. ಜನ ಬಾಗಿಲಿಗೆ ಬಂದು ಮೊದಲು ಫೋಟೋ ನೋಡಿದರು, ಆಮೇಲೆ ವಿಮಾನದಲ್ಲಿದ್ದವಳನ್ನು ನೋಡಿ ಕೈಮುಗಿದರು. ಹೆಜ್ಜೆ ಹಾಕಿದಂತೆಲ್ಲ ಹಾರ ಜಾರಿ ಅಂಚಿನಲ್ಲಿ ಹಸಿರು ಇಣುಕುತ್ತಿತ್ತು. ಅವನು ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಹೊಲದ ಗುಂಡಿಯವರೆಗೂ ನಡೆದ.