ಉತ್ತರ ಬರುವ ಮೊದಲೇ ಹಾಕಿದ ಸಹಿ

ಪ್ರೊಫೆಸರ್ ಮಂದಾಕಿನಿ ದೇಸಾಯಿಯವರ ಬಾಯಲ್ಲಿ 'ಸರಿಯಾಗಿದೆ' ಎಂಬ ಮಾತನ್ನು ಕೇಳಿದವರು ಯಾರೂ ಇಲ್ಲ. ಆರು ತಿಂಗಳು ದುಡಿದು ತಂದ ವಿನ್ಯಾಸವನ್ನು ವಿದ್ಯಾರ್ಥಿ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತರೆ, ಅವರು ಅದನ್ನು ಪುಟಪುಟವಾಗಿ ತಿರುವಿ, ಕನ್ನಡಕವನ್ನು ನೆತ್ತಿಗೇರಿಸಿ, ಕಿಟಕಿಯಾಚೆ ಅಹಮದಾಬಾದಿನ ನವರಂಗಪುರದ ಆಟೋಗಳ ಗದ್ದಲವನ್ನು ಕ್ಷಣಕಾಲ ಆಲಿಸಿ, ಕೊನೆಗೆ "ಇನ್ನೂ ತಪ್ಪು ಸಿಕ್ಕಿಲ್ಲ" ಎನ್ನುತ್ತಿದ್ದರು. ಅದೇ ಅವರ ಪರಮಾವಧಿ ಪ್ರಶಂಸೆ. ಜಾಕೀಟು ಹೊಲಿದುಕೊಟ್ಟ ದರ್ಜಿಗೂ ಗುಜರಾತಿಯಲ್ಲಿ ಹಾಗೆಯೇ ಹೇಳಿ, ಆ ಮುದುಕ ಮುನಿಸಿಕೊಂಡು ವರ್ಷಗಟ್ಟಲೆ ಇವರ ಬಟ್ಟೆ ಮುಟ್ಟದೇ ಇದ್ದದ್ದೂ ಉಂಟು.

ಆ ಜಾಕೀಟಿನ ಮಾತು ಹೇಳದಿದ್ದರೆ ಅವರ ಚಿತ್ರ ಪೂರ್ಣವಾಗದು. ತವರು ಧಾರವಾಡದಿಂದ ತರಿಸಿದ ಇಳಕಲ್ ಸೀರೆ, ಅದರ ಮೇಲೆ ಗಂಡಸರು ತೊಡುವಂಥ ನಾಲ್ಕು ಜೇಬಿನ ಖಾದಿ ಜಾಕೀಟು. ಅಹಮದಾಬಾದಿನ ಮೇ ತಿಂಗಳ ಉರಿಯಲ್ಲೂ ಅದು ಮೈಮೇಲಿಂದ ಇಳಿಯುತ್ತಿರಲಿಲ್ಲ. ಜೇಬುಗಳಲ್ಲಿ ಅಳತೆಯ ಟೇಪು, ಬೆರಳುದ್ದದ ಟಾರ್ಚು, ಎರಡು ಪೆನ್ಸಿಲು, ಏಲಕ್ಕಿಯ ಪೊಟ್ಟಣ. ನಡಿಗೆಯೂ ವಿಚಿತ್ರ. ಯಾವ ಕೋಣೆಗೆ ಹೋದರೂ ಹೊಸ್ತಿಲಲ್ಲಿ ಅರೆಗಳಿಗೆ ನಿಂತು, ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದನ್ನು ಬೆರಳ ತುದಿಯಿಂದ ಸವರಿ, ಅನಂತರವೇ ಒಳಗೆ ಕಾಲಿಡುವರು. ಅದು ಶಕುನ ನೋಡುವ ಪರಿ ಎಂದು ಹೊಸಬರು ತಿಳಿಯುತ್ತಿದ್ದರು. ಅವರಿಗೋ ಅದು ವಿದ್ಯೆಯ ಅಭ್ಯಾಸ. ಸಾವಿರ ಭಾಗಗಳನ್ನು ನೂರು ಕೈಗಳು ಬೇರೆ ಬೇರೆ ಊರುಗಳಲ್ಲಿ ಮಾಡಿ ಒಂದೆಡೆ ಸೇರಿಸಿದಾಗ ಆ ಜಟಿಲ ಯಂತ್ರ ಒಂದೇ ಜೀವದಂತೆ ನಡೆಯಬೇಕಾದರೆ ಏನು ಮಾಡಬೇಕು ಎಂಬುದನ್ನು ಕಲಿಸುವ ಶಾಸ್ತ್ರ, ಸಿಸ್ಟಮ್ಸ್ ಎಂಜಿನಿಯರಿಂಗ್, ಅವರ ಬದುಕೇ ಆಗಿತ್ತು. ಭಾಗಗಳು ಕೆಡುವುದು ಅಪರೂಪ, ಕೆಡುವುದು ಅವು ಸೇರುವ ಜಾಗ ಎಂದು ಅವರು ಮೂವತ್ತು ವರ್ಷ ಕಲಿಸಿದರು. ಪಂಪು ತಯಾರಿಸುವವರೂ ರೈಲಿನ ಬ್ರೇಕು ತಯಾರಿಸುವವರೂ ತಮ್ಮ ವಿನ್ಯಾಸಗಳನ್ನು ಹಿಡಿದು ಅವರಲ್ಲಿಗೆ ಬರುತ್ತಿದ್ದರು. ಅವರ ಸಹಿ ಬಿದ್ದ ಕಾಗದವೆಂದರೆ ಗುಜರಾತಿನ ಕಾರ್ಖಾನೆಗಳಲ್ಲಿ ಒಂದು ತೂಕ.

ಆ ಸಹಿಯೊಂದು ಅವರ ಬಾಳಿಗೆ ಮುಳ್ಳಾದದ್ದು ಹೀಗೆ.

ವಡೋದರಾದ ಹೊರವಲಯದ ಒಂದು ಕಂಪನಿ ನವಜಾತ ಶಿಶುಗಳನ್ನು ಬೆಚ್ಚಗಿಡುವ ವಾರ್ಮರನ್ನು ತಯಾರಿಸಿತು. ಮೇಲಿನಿಂದ ಶಾಖ ಸುರಿಯುವ ಹೀಟರು, ಕೂಸಿನ ಹೊಟ್ಟೆಗೆ ಅಂಟಿಸುವ ಚಿಕ್ಕ ಸೆನ್ಸರು. ಸೆನ್ಸರು ಮೈ ತಣ್ಣಗಿದೆ ಎಂದರೆ ಶಾಖ ಏರುತ್ತದೆ, ಬಿಸಿಯಾಗಿದೆ ಎಂದರೆ ಇಳಿಯುತ್ತದೆ, ಏನಾದರೂ ಹೆಚ್ಚುಕಮ್ಮಿಯಾದರೆ ಅಲಾರಂ ಕೂಗುತ್ತದೆ. ಅದರ ವಿನ್ಯಾಸದ ಮುಖ್ಯಸ್ಥ ಅಕ್ಷಯ್. ಮಂಡ್ಯದ ಹುಡುಗ, ಮಂದಾಕಿನಿಯವರ ಕೈಯಲ್ಲೇ ಡಾಕ್ಟರೇಟ್ ಮುಗಿಸಿದವನು, ಅವರ ಮನೆಯ ಅಡುಗೆಮನೆಯವರೆಗೂ ಸಲುಗೆಯಿದ್ದವನು. ಕೊನೆಯ ಪರಿಶೀಲನಾ ಸಭೆಗೆ ಅವರೇ ಅಧ್ಯಕ್ಷೆ. ಬೆಳಗಿನಿಂದ ಕೂತು ಪ್ರತಿಯೊಂದು ಸಂದನ್ನೂ ತಡವಿ ನೋಡಿದರು. ಮಧ್ಯಾಹ್ನದ ಮೇಲೆ ಒಂದು ಪ್ರಶ್ನೆ ಕೇಳಿದರು: ತುಂಬಿದ ವಾರ್ಡಿನಲ್ಲಿ ಈ ಅಲಾರಂ ಗಂಟೆಗೆ ಎಷ್ಟು ಸಲ ಕೂಗುತ್ತದೆ? ಯಾರ ಬಳಿಯೂ ಉತ್ತರವಿರಲಿಲ್ಲ. 'ಮುಂದಿನ ಹಂತದಲ್ಲಿ ನೋಡುವುದು' ಎಂದು ಕಂಪನಿಯವರು ಬರೆದುಕೊಂಡರು. ಅಹಮದಾಬಾದಿನ ರೈಲಿಗೆ ಮುಕ್ಕಾಲು ಗಂಟೆ ಉಳಿದಿತ್ತು. ಎದುರಿಗೆ ಅಕ್ಷಯ್ ಎರಡು ವರ್ಷದ ದಣಿವನ್ನು ಮುಖದಲ್ಲಿ ಹೊತ್ತು, ಮದುವೆಮನೆಯಲ್ಲಿ ಹೆಣ್ಣಿನ ತಂದೆಯಂತೆ ಕೂತಿದ್ದ. ಅವರು ಅವನನ್ನೊಮ್ಮೆ ನೋಡಿದರು, ಪೆನ್ನು ತೆಗೆದರು, ಸಹಿ ಹಾಕಿದರು.

ಹದಿನಾಲ್ಕು ತಿಂಗಳ ನಂತರ ಸೂರತ್ತಿನ ಒಂದು ಆಸ್ಪತ್ರೆಯಲ್ಲಿ ಆರು ದಿನದ ಹೆಣ್ಣುಕೂಸು ಆ ಯಂತ್ರದಡಿಯಲ್ಲಿ ತೀರಿಕೊಂಡಿತು. ಹೊಟ್ಟೆಯ ಮೇಲಿನ ಸೆನ್ಸರು ಕಳಚಿ ಹಾಸಿಗೆಗೆ ಬಿದ್ದಿತ್ತು. ಬರಿಯ ಗಾಳಿಯನ್ನು ಅಳೆದು, ಮೈ ತಣ್ಣಗಿದೆ ಎಂದು ತಿಳಿದ ಯಂತ್ರ ಶಾಖವನ್ನು ಏರಿಸುತ್ತಲೇ ಹೋಯಿತು. ಅಲಾರಂ ಕೂಗಬೇಕಿತ್ತು, ನರ್ಸು ಅದನ್ನು ಬಂದ್ ಮಾಡಿದ್ದಳು. ಆಸ್ಪತ್ರೆ ಅವಳನ್ನು ಅಮಾನತಿನಲ್ಲಿಟ್ಟಿತು, ವಿಚಾರಣಾ ಸಮಿತಿ ರಚಿಸಿತು, ವಿನ್ಯಾಸವನ್ನು ಪರಿಶೀಲಿಸಿದ ತಜ್ಞರೆಂದು ಮಂದಾಕಿನಿಯವರಿಗೂ ಪತ್ರ ಬರೆಯಿತು.

ಪತ್ರ ತಲುಪಿದ ಮರುದಿನವೇ ಅವರು ಸೂರತ್ತಿಗೆ ಹೋದರು. ಅನುಮತಿ ಪಡೆದು ವಾರ್ಡಿನ ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತು, ಅಲಾರಂ ಕೂಗಿದಾಗಲೆಲ್ಲ ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಎಂಬತ್ತಕ್ಕೂ ಮಿಗಿಲಾದ ಗೆರೆಗಳು. ಅವುಗಳಲ್ಲಿ ಒಂದಾದರೂ ನಿಜವಾದ ಅಪಾಯದ್ದಾಗಿರಲಿಲ್ಲ. ಅವರು ಸಭೆಯಲ್ಲಿ ಕೇಳಿದ್ದ ಪ್ರಶ್ನೆಗೆ ಉತ್ತರ ಸಿಗಲು ಅರ್ಧ ದಿನ ಸಾಕಾಯಿತು.

ನರ್ಸಿನ ಹೆಸರು ಪ್ರಾರ್ಥನಾ. ಸ್ಟೇಷನ್ನಿನ ಬಳಿ ಉಡುಪಿ ಹೋಟೆಲು ನಡೆಸುವ ಶಂಕರನಾರಾಯಣ ರಾಯರ ಮಗಳು, ಸೂರತ್ತಿನಲ್ಲೇ ಹುಟ್ಟಿ ಬೆಳೆದವಳು. ಆ ಸಂಜೆ ಮಂದಾಕಿನಿ ಹೋಟೆಲಿಗೆ ಹೋದರು. ಕನ್ನಡದವರೊಬ್ಬರು ನೋಡಲು ಬಂದಿದ್ದಾರೆಂದು ತಂದೆ ಕರೆದಾಗ ಒಳಗಿನಿಂದ ಬಂದು ಗೋಡೆಗೆ ಒರಗಿ ನಿಂತಳು.

"ಅಲಾರಂ ನಾನೇ ಬಂದ್ ಮಾಡಿದ್ದು ಮೇಡಂ. ಸುಳ್ಳು ಹೇಳುದಿಲ್ಲ," ಎಂದಳು. "ಎಲ್ರೂ ಮಾಡ್ತಾರೆ. ಆಖೋ ದಿವಸ್ ವಾಗ್ಯಾ ಕರೇ... ಅದಕ್ಕೆ ಕನ್ನಡದಲ್ಲಿ ಏನು ಹೇಳುದು ಅಪ್ಪಾ?"

"ಇಡೀ ದಿನ ಹೊಡ್ಕೊಳ್ತಾ ಇರ್ತದೆ," ಎಂದರು ರಾಯರು, ನೆಲ ನೋಡುತ್ತ.

"ಹಾಂ, ಅದೇ. ಬೇಬಿ ಕಾಲು ಆಡಿಸಿದ್ರೆ ಹೊಡಿತದೆ, ತಾಯಿ ಎತ್ತಿಕೊಂಡ್ರೆ ಹೊಡಿತದೆ, ಮೈ ಒರೆಸಿದ್ರೆ ಹೊಡಿತದೆ. ಒಂಬತ್ತು ಬೇಬಿಗೆ ನಾನು ಒಬ್ಳು. ಯಾವುದು ಸಾಚಾ, ಯಾವುದು ಸುಳ್ಳು, ನಂಗೆ ಹೇಗೆ ಗೊತ್ತಾಗ್ಬೇಕು?"

"ನಿನಗಲ್ಲವ್ವಾ," ಎಂದರು ಮಂದಾಕಿನಿ. "ಅದು ನನಗ ಗೊತ್ತಾಗಬೇಕಿತ್ತು."

ಹುಡುಗಿಗೆ ಆ ಮಾತು ಅರ್ಥವಾಗಲಿಲ್ಲ. ಸಾಂತ್ವನಕ್ಕೆ ಹೇಳಿದ್ದೆಂದು ಭಾವಿಸಿ ಅಳತೊಡಗಿದಳು.

ಆ ವಾರವೇ ಅಕ್ಷಯ್ ಫೋನು ಮಾಡಿ, ವಡೋದರಾದ ಫತೇಗಂಜಿನಲ್ಲಿ ತಾನು ಮೊದಲ ಪದವಿಗೆ ಓದುತ್ತಿದ್ದಾಗ ತಿನ್ನುತ್ತಿದ್ದ ಸಣ್ಣ ತಿಂಡಿಯಂಗಡಿಗೆ ಅವರನ್ನು ಕರೆಸಿಕೊಂಡ. ಸುತ್ತ ಹಾಸ್ಟೆಲಿನ ಹುಡುಗರ ಗಲಾಟೆ. ಚಹಾ ಬಂದರೂ ಇಬ್ಬರೂ ಮುಟ್ಟಲಿಲ್ಲ.

"ಮೇಡಂ, ನೀವು ಹೆದರೋ ಹಾಗೇ ಇಲ್ಲ," ಎಂದ ಅಕ್ಷಯ್. "ನಿಮ್ ಪ್ರಶ್ನೆ ಮೀಟಿಂಗ್ ಮಿನಿಟ್ಸಲ್ಲಿ ಇದೆ. ಮುಂದೆ ನೋಡೋದು ಅಂತ ಬರ್ಕೊಂಡಿದ್ದು ನಾವು. ನೀವು ಕೇಳ್ಲಿಲ್ಲ ಅಂತ ಯಾರೂ ಅನ್ನೋಕಾಗಲ್ಲ. ಯಂತ್ರ ಏನೇನು ಮಾಡ್ಬೇಕು ಅನ್ನೋ ಪಟ್ಟಿಯಲ್ಲಿದ್ದ ಹಾಗೇ ಕೆಲಸ ಮಾಡಿದೆ ಅಂತ ಅಷ್ಟು ಹೇಳ್ಬಿಡಿ, ಸಾಕು."

"ಕೇಳಿದ ಮ್ಯಾಲೆ ಉತ್ತರ ಇಲ್ಲದ ಸಹಿ ಯಾಕ ಹಾಕಿದ್ರಿ ಅಂತ ಕೇಳಿದ್ರ?"

"ಯಾರೂ ಕೇಳಲ್ಲ ಮೇಡಂ."

"ನಾನು ಕೇಳಾಕತ್ತೀನಲ್ಲೋ."

ಅವನು ತಗ್ಗಿದ ದನಿಯಲ್ಲಿ, "ನೀವು ಹಾಗಂದ್ರೆ ಮುಂದಿನ ಪ್ರಶ್ನೆ ನನ್ ಮೇಲೇ ಬರತ್ತೆ," ಎಂದ.

"ಬರತೈತಿ," ಎಂದರು ಅವರು. ಮಗನಂತೆ ಬೆಳೆಸಿದವನ ಮುಖ ತಮ್ಮ ಕಣ್ಣೆದುರೇ ಪರಕೀಯವಾಗುವುದನ್ನು ನೋಡುತ್ತ ಕೂತರು. ತಮ್ಮ ಪೆನ್ನು ಅಂದು ಚಲಿಸಿದ್ದು ರೈಲಿನ ಅವಸರದಿಂದಲ್ಲ, ಈ ಮುಖದ ಮೇಲಿನ ಮಮತೆಯಿಂದ ಎಂದು ಅವರಿಗೆ ಆಗಲೇ ನಿಚ್ಚಳವಾಯಿತು. ಅದನ್ನು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಆ ಭಾರವನ್ನೂ ಅವನ ಹೆಗಲಿಗೇ ದಾಟಿಸಿದಂತಾಗುತ್ತಿತ್ತು.

ವಿಚಾರಣೆಯ ದಿನ ಸಭಾಂಗಣದ ಹೊರಗಿನ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು, ಇಪ್ಪತ್ತೆರಡರ ಪ್ರಾಯ. ಮಂದಾಕಿನಿಯವರ ಜಾಕೀಟು, ಕೈಯಲ್ಲಿನ ಕಡತ ನೋಡಿ ದೊಡ್ಡ ಅಧಿಕಾರಿಯೆಂದುಕೊಂಡಳೋ ಏನೋ, ಎದ್ದು ನಿಂತು ಕೇಳಿದಳು: "ಮನೇ ಪಣ್ ಬೋಲಾವಶೇ?" ನನ್ನನ್ನೂ ಕರೆಯುತ್ತಾರೆಯೇ? ಕೂಸಿನ ತಾಯಿ ಅವಳು. ಮಂದಾಕಿನಿ ಒಳಗೆ ಹೋದವರು ಮೊದಲು ಅದನ್ನೇ ವಿಚಾರಿಸಿದರು. ಸಾಕ್ಷಿಗಳ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ ಎಂದು ಸಮಿತಿಯ ಅಧ್ಯಕ್ಷರು ಸೌಜನ್ಯದಿಂದಲೇ ತಿಳಿಸಿದರು.

ಯಂತ್ರದಲ್ಲಿ ದೋಷವಿತ್ತೇ, ಹೌದೋ ಇಲ್ಲವೋ ಎಂಬುದು ಅವರಿಗೆ ಕೇಳಲಾದ ಪ್ರಶ್ನೆ. ಯಂತ್ರ ನಾವು ಹೇಳಿದಂತೆಯೇ ನಡೆದಿದೆ, ನಾವು ಹೇಳಿದ್ದರಲ್ಲೇ ದೋಷವಿದೆ ಎಂದರು ಅವರು. ಇಡೀ ದಿನ ಸುಳ್ಳುಸುಳ್ಳೇ ಕೂಗುವ ಅಲಾರಂ ಕೊಟ್ಟು, ಅದನ್ನು ನಂಬಲಿಲ್ಲವೆಂದು ನರ್ಸನ್ನು ದಂಡಿಸುವುದು ಅನ್ಯಾಯ. ಸೆನ್ಸರು ಕಳಚಿದರೆ ಶಾಖ ತಾನಾಗಿ ಇಳಿಯಬೇಕೆಂದು ಪಟ್ಟಿಯಲ್ಲಿ ಬರೆಸಬೇಕಾದವಳು ನಾನು. ಅಲಾರಂ ಎಷ್ಟು ಸಲ ಕೂಗುತ್ತದೆಂದು ಕೇಳಬೇಕೆಂಬುದು ನನಗೆ ತಿಳಿದಿತ್ತು, ಕೇಳಿಯೂ ಇದ್ದೆ, ಉತ್ತರಕ್ಕೆ ಕಾಯಲಿಲ್ಲ ಎಂದರು. ಅಧ್ಯಕ್ಷರು ಪೆನ್ನು ಕೆಳಗಿಟ್ಟು, ಇದು ನಿಮ್ಮ ವೈಯಕ್ತಿಕ ಅಭಿಪ್ರಾಯವೇ ಎಂದು ಕೇಳಿದರು. ಅಲ್ಲ, ಇದು ನಾನು ಮಾಡಿದ ಕೆಲಸ ಎಂದರು ಮಂದಾಕಿನಿ.

ವರದಿ ಬಂದಾಗ ಅವರ ಹೇಳಿಕೆ ಕೊನೆಯ ಅನುಬಂಧದಲ್ಲಿತ್ತು, 'ತಜ್ಞರ ವೈಯಕ್ತಿಕ ಅಭಿಪ್ರಾಯ' ಎಂಬ ತಲೆಬರಹದ ಕೆಳಗೆ. ಮುಖ್ಯ ಕಾರಣ, ನರ್ಸಿನ ಅಲಕ್ಷ್ಯ. ಪ್ರಾರ್ಥನಾಳಿಂದ ಆಸ್ಪತ್ರೆಯವರು ರಾಜೀನಾಮೆ ಬರೆಸಿಕೊಂಡರು. ಅಕ್ಷಯನನ್ನು ಕಂಪನಿ ಬೇರೆ ವಿಭಾಗಕ್ಕೆ ಕಳಿಸಿತು. ಅವನು ಮತ್ತೆಂದೂ ಫೋನು ಮಾಡಲಿಲ್ಲ. ವರ್ಷ ತುಂಬುವುದರೊಳಗೆ ಅದೇ ಕಂಪನಿಯ ಹೊಸ ವಾರ್ಮರು ಬಂತು, ಸೆನ್ಸರು ಕಳಚಿದರೆ ಶಾಖ ತಾನೇ ಇಳಿಯುವಂಥದ್ದು. ಅದನ್ನು ನೂತನ ಸೌಲಭ್ಯವೆಂದು ಜಾಹೀರಾತಿನಲ್ಲಿ ಹೊಗಳಿಕೊಂಡಿದ್ದರು.

ವರದಿಯನ್ನು ಓದಿ ಅವರು ಮತ್ತೊಮ್ಮೆ ಸೂರತ್ತಿಗೆ ಹೋದರು. ಪ್ರಾರ್ಥನಾ ಈಗ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದಳು. ಇವರನ್ನು ಕಂಡವಳೇ ಎದ್ದು ಒಳಗೆ ಹೋದಳು. ಶಂಕರನಾರಾಯಣ ರಾಯರು ತಾವೇ ಎಲೆ ಹಾಕಿ, ತಾವೇ ಬಡಿಸಿದರು. ಸಾರು ಬಡಿಸುವಾಗ ಮೆಲ್ಲಗೆ ಹೇಳಿದರು: "ನೀವು ನಮಗೋಸ್ಕರ ಹೇಳಿದ್ದು ಗೊತ್ತುಂಟು ಮೇಡಂ. ಮರೆಯುದಿಲ್ಲ. ಆದ್ರೆ ನಿಮ್ಮನ್ನು ನೋಡಿದ್ರೆ ಅವಳಿಗೆ ಆ ಮಗುವಿನ ನೆನಪೇ ಬರ್ತದೆ, ಮತ್ತೆ ಎರಡು ದಿನ ಊಟ ಇಲ್ಲ. ಊಟ ಮಾಡ್ಕೊಂಡು ಹೋಗಿ. ಇನ್ನು ಮಾತ್ರ ಬರುದು ಬೇಡ."

ಅವರು ಎಲೆಯಲ್ಲಿ ಏನನ್ನೂ ಬಿಡದೆ ಉಂಡರು, ಕೈತೊಳೆದರು, ಹೊರಟರು. ಆಮೇಲೆ ಆ ಊರಿನಲ್ಲಿ ಇಳಿಯಲಿಲ್ಲ.

ಪರಿಶೀಲನಾ ಸಭೆಗಳಿಗೆ ಅವರನ್ನು ಕರೆಯುವುದು ಒಂದೊಂದಾಗಿ ನಿಂತಿತು. ಕಾರಣವನ್ನು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ನಿವೃತ್ತಿಗೆ ಉಳಿದ ಎರಡು ವರ್ಷ ಪಾಠದ ಕ್ರಮವನ್ನೇ ಬದಲಿಸಿದರು: ಯಂತ್ರದ ಬಗ್ಗೆ ಒಂದು ವಾಕ್ಯ ಬರೆಯುವ ಮೊದಲು ಅದನ್ನು ಬಳಸುವವರ ಪಕ್ಕದಲ್ಲಿ ಹದಿನೈದು ದಿನ ಕೂತಿರಬೇಕು. ವಟ್ವಾದ ಬಣ್ಣದ ಕಾರ್ಖಾನೆಯ ಘಾಟಿನಲ್ಲಿ ಕೂತು ಬಂದ ಮಯೂರ್ ಎಂಬ ವಿದ್ಯಾರ್ಥಿ, ಅಲ್ಲಿ ಕಲಿಯುವಂಥದ್ದು ಏನೂ ಇಲ್ಲವೆಂದು ದೂರು ಕೊಟ್ಟ. ವಿಭಾಗ ಆ ಪಾಠವನ್ನು ಐಚ್ಛಿಕವಾಗಿಸಿತು. ಕೊನೆಯ ವರ್ಷ ಅದಕ್ಕೆ ಹೆಸರು ಕೊಟ್ಟವರು ಮೂವರು. ಆ ಮೂವರಿಗೂ ಅವರು ಅರವತ್ತು ಮಂದಿಗೆ ಹೇಳುವ ದನಿಯಲ್ಲೇ ಪಾಠ ಹೇಳಿದರು. ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಂಡು, ಭಾಷಣ ಮಾಡದೆ, ಮನೆಗೆ ನಡೆದರು. ಈಗಲೂ ನವರಂಗಪುರದ ಎರಡನೆಯ ಮಹಡಿಯ ಮನೆಯಲ್ಲಿದ್ದಾರೆ. ಧಾರವಾಡದಿಂದ ತಂಗಿ ಸುಮತಿ ಕರೆಯುತ್ತಲೇ ಇರುತ್ತಾಳೆ. "ಬರ್ತೀನಿ ತಡಿ," ಎನ್ನುತ್ತಾರೆ, ಹೋಗುವುದಿಲ್ಲ.

ತಿಳಿಯದೆ ತಪ್ಪಿದವನಿಗೆ ಲೋಕದಲ್ಲಿ ಎಲ್ಲಾದರೂ ಒಂದು ಆಸರೆಯಿದೆ. ಗೊತ್ತಿರಲಿಲ್ಲ ಎಂದು ಹೇಳಿಕೊಂಡು ಅವನು ಕಡೆಗೊಂದು ದಿನ ತನ್ನನ್ನೇ ಕ್ಷಮಿಸಿಕೊಂಡಾನು. ತಿಳಿದವರ ಪಾಡು ಬೇರೆ. ಅವರ ವಿದ್ಯೆಯೇ ಅವರಿಗೆ ಎದುರುಸಾಕ್ಷಿಯಾಗಿ ನಿಲ್ಲುತ್ತದೆ. ಎಷ್ಟು ಆಳವಾಗಿ ಕಲಿತಿರುತ್ತಾರೋ ಅಷ್ಟೂ ಆಳದಿಂದ ಅದು ಅವರನ್ನು ಪ್ರಶ್ನಿಸುತ್ತದೆ. ಅಂಥವರ ಸಹಿಯ ಮೇಲೆ ನಂಬಿಕೆಯಿಟ್ಟು ನಾವು ನಮ್ಮ ಕೂಸುಗಳನ್ನು ಮಲಗಿಸುತ್ತೇವೆ, ರೈಲು ಹತ್ತುತ್ತೇವೆ, ಸೇತುವೆ ದಾಟುತ್ತೇವೆ, ಅವರ ಹೆಸರನ್ನೂ ಅರಿಯದೆ. ತಪ್ಪನ್ನು ಬಚ್ಚಿಟ್ಟವರಿಗೆ ಮುಂದಿನ ಸಭೆಯಲ್ಲಿ ಕುರ್ಚಿ ಕಾದಿರುತ್ತದೆ. ಒಪ್ಪಿಕೊಂಡವರ ಮಾತನ್ನು ಅನುಬಂಧದಲ್ಲಿ ಹೊಲಿದು ಕಪಾಟಿಗೆ ಸೇರಿಸುತ್ತೇವೆ. ಹೀಗೆ, ಪ್ರಶ್ನೆ ಕೇಳಬಲ್ಲವರು ಒಬ್ಬೊಬ್ಬರಾಗಿ ಮನೆ ಸೇರುತ್ತಾರೆ. ಸಭೆಗಳು ಎಂದಿನಂತೆ ನಡೆಯುತ್ತವೆ, ರೈಲಿನ ಹೊತ್ತಿಗೆ ಸರಿಯಾಗಿ ಮುಗಿಯುತ್ತವೆ.