ಹುಬ್ಬು ಬೋಳಿಸಿದ ಮನೆ

ಕಡ್ಡಿಗೆ ಸುಸ್ತಾಗಿತ್ತು. ಮಲಗಿ ಎದ್ದರೆ ಹೋಗುವಂಥ ಸುಸ್ತಲ್ಲ. ಪರದೇಶಕ್ಕೆ ಬಂದು ಒಂದು ವರ್ಷ ಮುಗಿಯುತ್ತ ಬಂದಿತ್ತು, ಆ ವರ್ಷವಿಡೀ ಸೇರುತ್ತ ಬಂದ ಸುಸ್ತು ಅದು. ಕಡ್ಡಿ ಅನ್ನುವುದು ಚಿಕ್ಕಪ್ಪ ಇಟ್ಟ ಹೆಸರು. ಹುಡುಗಿ ಹುಟ್ಟಿದಾಗಿನಿಂದ ತೆಳ್ಳಗೆ, ಅಷ್ಟೇ ಕಾರಣ. ಆರ್ಕಿಟೆಕ್ಚರ್ ಓದುವವಳು. ಮೂರನೆಯ ವರ್ಷವನ್ನು ಹೊರದೇಶದಲ್ಲಿ ಓದಿಕೊಂಡು ಬಾ ಎಂದು ಕಾಲೇಜಿನವರು ಅವಳನ್ನು ಆರಿಸಿದಾಗ ಚಿಕ್ಕಪ್ಪ ಬೀದಿಗೆಲ್ಲ ಡಂಗುರ ಸಾರಿದ್ದ. ಷರತ್ತು ಒಂದೇ. ಇಲ್ಲಿ ಸ್ಟುಡಿಯೋ, ಅಂದರೆ ಕಟ್ಟಡದ ವಿನ್ಯಾಸ ಮಾಡಿ ತೋರಿಸುವ ವಿಷಯ, ಪಾಸಾದರೆ ವರ್ಷ ಲೆಕ್ಕಕ್ಕೆ ಬರುತ್ತದೆ. ಇಲ್ಲವಾದರೆ ವಾಪಸು ಹೋಗಿ, ತನಗಿಂತ ಚಿಕ್ಕವರ ಪಕ್ಕ ಕೂತು, ಅದೇ ವರ್ಷವನ್ನು ಮತ್ತೆ ಓದಬೇಕು.

ಪಾಸಾಗುವ ಲಕ್ಷಣವೇನೂ ಕಾಣುತ್ತಿರಲಿಲ್ಲ. ಕೊಟ್ಟ ಕೆಲಸ ದೊಡ್ಡದಲ್ಲ: ಆಸ್ಪತ್ರೆಯ ಪಕ್ಕದಲ್ಲಿ, ರೋಗಿಗಳ ಕಡೆಯವರು ಕಾಯುತ್ತ ಕೂರುವುದಕ್ಕೆ ಒಂದು ಪುಟ್ಟ ಮನೆ. ಅದರ ನಕ್ಷೆ ಬರೆದು, ರಟ್ಟಿನಲ್ಲಿ ಮಾದರಿ ಮಾಡಿ, ಕೊನೆಗೆ ಜ್ಯೂರಿ ಎಂಬ ಹೆಸರಿನಲ್ಲಿ ಬಂದು ಕೂರುವ ದೊಡ್ಡವರ ಮುಂದೆ ನಿಂತು ವಿವರಿಸಬೇಕು. ಮೊದಲ ತಿಂಗಳಲ್ಲಿ ಕಡ್ಡಿಯ ಮನೆ ತುಂಬಿಕೊಂಡಿತ್ತು. ಬಾಗಿಲಿನ ಮುಂದೆ ಅಗಲವಾದ ಮೆಟ್ಟಿಲು, ಹೊರಗೋಡೆಗೆ ಅಂಟಿದಂತೆ ಕಲ್ಲುಬೆಂಚು, ಎಲ್ಲ ಕಿಟಕಿಗಳ ಮೇಲೆ ಬಿಸಿಲು ಮಳೆ ತಡೆಯುವ ಸಜ್ಜಾ. ಸಜ್ಜಾವನ್ನಂತೂ ಅವಳು ಯೋಚಿಸಿ ಬರೆದದ್ದೇ ಅಲ್ಲ. ಕಿಟಕಿ ಬರೆದ ಕೈ ತಾನಾಗಿಯೇ ಮೇಲೊಂದು ಗೆರೆ ಎಳೆದುಬಿಡುತ್ತಿತ್ತು.

ಕಲಿಸುವ ಮೇಡಂ ಯಾವಾಗಲೂ ಕೈಯಲ್ಲೊಂದು ಟಾರ್ಚ್ ಹಿಡಿದು ಬರುವವರು. ಮಾದರಿಯ ಒಳಗೆ ಬೆಳಕು ಬಿಟ್ಟು ಇಣುಕುವರು. ಒಂದು ದಿನ ಮೆಟ್ಟಿಲ ಮೇಲೆ ಬೆರಳಿಟ್ಟು, "ಇದು ಯಾಕೆ?" ಎಂದರು. ಕಡ್ಡಿ ತಲೆ ತಗ್ಗಿಸಿದಳು. ಮರುದಿನ ಮೆಟ್ಟಿಲು ಇರಲಿಲ್ಲ. ಮುಂದಿನ ಸಲ ಬೆಂಚಿನ ಮೇಲೆ ಬೆರಳಿಟ್ಟರು. ಬೆಂಚೂ ಹೋಯಿತು. ಇಷ್ಟು ಹೇಳಿದ ಮಾತು ಕೇಳುವ ಹುಡುಗಿ ಊರಿನಲ್ಲಾಗಿದ್ದರೆ ಬಂಗಾರ ಎನ್ನಿಸಿಕೊಳ್ಳುತ್ತಿದ್ದಳು. ಇಲ್ಲಿ ನೋಡಿದರೆ, ತೆಗೆದಷ್ಟೂ ಮೇಡಂ ಮುಖ ಇನ್ನಷ್ಟು ಸಣ್ಣಗಾಗುತ್ತಿತ್ತು. ತೆಗೆದದ್ದು ಸಾಲಲಿಲ್ಲವೇನೋ ಎಂದುಕೊಂಡು ಕಡ್ಡಿ ಇನ್ನೂ ಒಂದೆರಡು ಗೋಡೆ ಕಿತ್ತುಹಾಕಿದಳು.

ಪಕ್ಕದ ಮೇಜಿನ ಉದ್ದನೆಯ ಹುಡುಗನ ಕಥೆಯೇ ಬೇರೆ. ಅವನೊಂದು ಸೊಟ್ಟ ಕಂಬ ನಿಲ್ಲಿಸಿದ್ದ. ಮೇಡಂ "ಇದು ಯಾಕೆ?" ಎಂದದ್ದೇ ತಡ, ಕೈ ಬೀಸಿ ಬೀಸಿ ವಾದಕ್ಕೆ ನಿಂತ. ಕೇಳುತ್ತಿದ್ದ ಕಡ್ಡಿ ತನ್ನ ರಟ್ಟಿನ ಮೇಲೆ ಇನ್ನಷ್ಟು ಬಗ್ಗಿದಳು. ದೊಡ್ಡವರು ತಪ್ಪು ತೋರಿಸಿದರೆ ಹೀಗಾ ಮಾತಾಡುವುದು? ಎಂಥ ಅಧಿಕಪ್ರಸಂಗಿ! ಆದರೆ ಮೇಡಂ ನಗುತ್ತ ಅವನ ಬೆನ್ನು ತಟ್ಟಿ ಹೋದರು. ಅವನ ಸೊಟ್ಟ ಕಂಬ ವರ್ಷವಿಡೀ ಸೊಟ್ಟಗೇ ನಿಂತಿತ್ತು.

ಭಾನುವಾರ ಭಾನುವಾರ ಅಮ್ಮನ ಫೋನು. ಫೋನಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು, "ಕಡ್ಡೀ, ಯಾಕೆ ದನಿ ಹೀಗಿದೆ?" ಎನ್ನುತ್ತಿದ್ದಳು.

"ಏನಿಲ್ಲಮ್ಮ, ಶೀತ."

"ಯಾಕೆ ಮುಖ ಬಾಡಿದೆ?"

"ಇಲ್ಲಿ ಲೈಟ್ ಸರಿಯಿಲ್ಲ."

"ಯಾಕೆ, ಸರಿಯಾಗಿ ಊಟ ಮಾಡಲ್ವಾ?"

"ಮಾಡ್ತೀನಮ್ಮ. ಇಡ್ತೀನಿ, ಕೆಲ್ಸ ಇದೆ." ಫೋನು ಇಟ್ಟು, ಬೆಳಗ್ಗೆಯ ಬ್ರೆಡ್ಡನ್ನೇ ಮಧ್ಯಾಹ್ನಕ್ಕೂ ತಿಂದು, ಮತ್ತೆ ರಟ್ಟು ಕೊಯ್ಯುವುದಕ್ಕೆ ಕೂರುತ್ತಿದ್ದಳು.

ಜ್ಯೂರಿಗೆ ಒಂದು ವಾರ ಇದ್ದಾಗ ಮೇಡಂ ಬೆರಳು ಸಜ್ಜಾದ ಮೇಲೆ ಬಂತು. "ಇದು ಯಾಕೆ?"

ಸಜ್ಜಾ ತೆಗೆಯುವುದಕ್ಕೆ ಕಡ್ಡಿಗೆ ಮನಸ್ಸೇ ಬರಲಿಲ್ಲ. ಎರಡು ದಿನ ಅತ್ತಿತ್ತ ಓಡಾಡಿದಳು. ವರ್ಷದ ಪ್ರಶ್ನೆ, ಹಟ ಮಾಡಿದರೆ ನಡೆಯುತ್ತದೆಯೇ? ಬ್ಲೇಡು ತೆಗೆದುಕೊಂಡು ಒಂದೊಂದಾಗಿ ಕೊಯ್ದಳು. ಎಸೆಯುವುದಕ್ಕೆ ಕೈ ಬಾರದೆ ತುಂಡುಗಳನ್ನು ಊಟದ ಡಬ್ಬಿಯಲ್ಲಿ ಹಾಕಿಟ್ಟಳು. ಆಮೇಲೆ ದೂರ ನಿಂತು ನೋಡಿದರೆ, ಹುಬ್ಬು ಬೋಳಿಸಿದ ಮುಖದ ಹಾಗೆ ಕಾಣುತ್ತಿತ್ತು ಮನೆ. ಒಬ್ಬಳೇ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ಅಂಟಿನ ಬಾಟಲಿಗೆ ಮುಚ್ಚಳ ಹಾಕಿದಳು.

ಜ್ಯೂರಿಗೆ ಹೊರಗಿನಿಂದ ಬಂದಿದ್ದ ಬಿಳಿಗಡ್ಡದ ಹಿರಿಯರು ಮಾದರಿಯ ಮುಂದೆ ಬಗ್ಗಿ ತುಂಬ ಹೊತ್ತು ನೋಡಿದರು. "ಶುಭ್ರವಾಗಿದೆ," ಎಂದರು. "ಯಾರೂ ಬಂದು ಹೋಗದ ಹಾಗಿದೆ. ನಿನಗೆ ಇದರಲ್ಲಿ ಏನು ಬೇಕಿತ್ತಮ್ಮ?"

ಕಡ್ಡಿ ನೆಲ ನೋಡುತ್ತ ನಿಂತಳು.

ಮೇಡಂ ನಿಟ್ಟುಸಿರು ಬಿಟ್ಟರು. "ನಾನೂ ವರ್ಷದಿಂದ ಕೇಳ್ತಾನೇ ಇದ್ದೀನಿ. ಬಾಯೇ ಬಿಡಲ್ಲ. ಮೆಟ್ಟಿಲು ಯಾಕೆ ಅಂತ ಕೇಳಿದ್ರೆ ಮಾರನೇ ದಿನ ಮೆಟ್ಟಿಲೇ ಇಲ್ಲ. ಬೆಂಚ್ ಯಾಕೆ ಅಂದ್ರೆ ಬೆಂಚ್ ಇಲ್ಲ. ಯಾವುದರ ಮೇಲೂ ಆಸೆ ಇಲ್ಲದೋರು ಮನೆ ಹೇಗೆ ಕಟ್ತಾರೆ?"

"ನೀವೇ ತೆಗಿ ಅಂದ್ರಲ್ಲ ಮೇಡಂ?"

"ನಾನೆಲ್ಲಿ ತೆಗಿ ಅಂದೆ? ಯಾಕೆ ಅಂದೆ."

ಅಲ್ಲಾ ಸ್ವಾಮಿ, ನೀವೇ ಹೇಳಿ, ನಮ್ಮ ಮನೆಗಳಲ್ಲಿ ಯಾಕೆ ಅನ್ನುವುದು ಪ್ರಶ್ನೆಯೇ? ಚಪ್ಪಲಿ ಇಲ್ಲಿ ಯಾಕಿದೆ ಎಂದರೆ ಎತ್ತಿಡು ಎಂದರ್ಥ. ಲೈಟು ಯಾಕೆ ಉರೀತಿದೆ ಎಂದರೆ ಆರಿಸು. ಯಾಕೆ ನಗ್ತಿದೀಯ ಎಂದರೆ ಬಾಯಿ ಮುಚ್ಚು. ಅಪ್ಪಿತಪ್ಪಿ ಉತ್ತರ ಹೇಳಿದರೋ, ಎದುರುತ್ತರ ಕೊಡ್ತೀಯಾ ಎಂದು ಬೆನ್ನಿಗೆ ಒಂದು ಬೀಳುತ್ತದೆ. ಹಾಗೆ ಬೆಳೆದ ಹುಡುಗಿ. ಇಲ್ಲಿಯವರ ಭಾಷೆ ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು, ಒಂದೊಂದು ಪದಕ್ಕೂ ಅರ್ಥ ಗೊತ್ತಿತ್ತು. ಈ ಹೆಂಗಸು ನಿಜವಾಗಿಯೂ ಕೇಳುತ್ತಿದ್ದಾರೆ ಎಂಬುದೊಂದು ಮಾತ್ರ ವರ್ಷವಿಡೀ ಹೊಳೆಯಲಿಲ್ಲ.

ಈಗ ಹೊಳೆಯಿತು, ಹೊಳೆದು ಮೈಯೆಲ್ಲ ಉರಿಯಿತು. ಕಡ್ಡಿ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದಳು. ಒಂದು ತುಂಡನ್ನು ಎತ್ತಿ ಕಿಟಕಿಯ ಮೇಲೆ ಹಿಡಿದಳು.

"ಇದು ಸಜ್ಜಾ. ಒಳಗೆ ಕೂತೋರಿಗೆ ಎಲ್ಲರ ಮುಂದೆ ಅಳೋಕಾಗಲ್ಲ. ಹೊರಗೆ ಬಂದು ಗೋಡೆಗೆ ಒರಗಿ ನಿಲ್ತಾರೆ. ಆಗ ತಲೆ ಮೇಲೆ ಇಷ್ಟು ಇದ್ರೆ ಸಾಕು. ಅಪ್ಪನಿಗೆ ಆಪರೇಷನ್ ಆದಾಗ ಅಮ್ಮ ಹಾಗೇ ನಿಂತಿದ್ಲು, ಮಳೇಲಿ. ಕೂತ್ಕೋ ಅಂದ್ರೆ ಕೂತ್ಕೊಳ್ಳೋಕೆ ಜಾಗ ಇರ್ಲಿಲ್ಲ. ಬೆಂಚು ಅದಕ್ಕೇ ಇತ್ತು. ಮೆಟ್ಟಿಲೂ ಅದಕ್ಕೇ."

ಬಿಳಿಗಡ್ಡದವರು ಒಂದು ತುಂಡನ್ನು ಎತ್ತಿಕೊಂಡು ಇನ್ನೊಂದು ಕಿಟಕಿಯ ಮೇಲೆ ತಾವೇ ಹಿಡಿದು ನೋಡಿದರು.

ಎಲ್ಲ ಮುಗಿದ ಮೇಲೆ ಮೇಡಂ ಓಣಿಯಂಥ ಉದ್ದನೆಯ ಹಜಾರದಲ್ಲಿ ಅವಳನ್ನು ನಿಲ್ಲಿಸಿದರು. "ಪಾಸ್. ಕೂದಲೆಳೆಯಲ್ಲಿ," ಎಂದರು. "ಮೊದಲ ತಿಂಗಳೇ ಹೇಳಿದ್ರೆ ಎಂಥ ಮನೆ ಆಗ್ತಿತ್ತು ಗೊತ್ತಾ?" ಕಡ್ಡಿಗೆ ಗೊತ್ತಿತ್ತು. ವರ್ಷ ಉಳಿಯಿತು, ಮನೆ ಹೋಯಿತು. ಖುಷಿಪಡಬೇಕು ಅನ್ನಿಸಿತು, ಅದಕ್ಕೂ ತ್ರಾಣವಿರಲಿಲ್ಲ. ಕೋಣೆಗೆ ಹೋಗಿ ಬೂಟು ಕೂಡ ಬಿಚ್ಚದೆ ಹಾಸಿಗೆಯ ತುದಿಯಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿದಳು.

"ಪಾಸಾದೆ ಅಮ್ಮ."

"ಅಬ್ಬಾ, ದೇವರು ದೊಡ್ಡವನು! ನಿಮ್ಮ ಚಿಕ್ಕಪ್ಪನಿಗೆ ಈಗಲೇ ಹೇಳ್ತೀನಿ." ಅಷ್ಟು ಹೇಳಿ ಅಮ್ಮ ಪರದೆಯ ಹತ್ತಿರ ಬಂದಳು. "ಅಲ್ಲ ಕಡ್ಡೀ, ಪಾಸಾದೆ ಅಂತೀಯ. ಮತ್ತೆ ಯಾಕೆ ದನಿ ಹೀಗಿದೆ?"

ಏನಿಲ್ಲಮ್ಮ ಎಂಬುದು ನಾಲಿಗೆಯ ತುದಿಯವರೆಗೂ ಬಂದಿತ್ತು. ಕಡ್ಡಿ ಅದನ್ನು ಅಲ್ಲೇ ತಡೆದಳು.

"ಸುಸ್ತಾಗಿದೆ ಅಮ್ಮ," ಎಂದಳು. "ಬಂದಾಗಿನಿಂದ ಸುಸ್ತು. ಇಲ್ಲಿ ಯಾರ ಜೊತೆನೂ ಸರಿಯಾಗಿ ಮಾತಾಡಿಲ್ಲ. ಒಬ್ಬಳೇ ತಿಂದು ತಿಂದು ಸಾಕಾಗಿದೆ."

ಅಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅಮ್ಮ ಏಳಲಿಲ್ಲ. ಎರಡನೆಯ ಸಲ ಕೂಗಿತು, ಆಗಲೂ ಏಳಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ನಾನು ವರ್ಷದಿಂದ ಕೇಳ್ತಾನೇ ಇದ್ದೀನಲ್ಲೇ," ಎಂದಳು. "ನೀನು ಬಾಯೇ ಬಿಡಲಿಲ್ಲ."